ಮೇನ್‌ಫ್ರೇಮ್‌ಗೆ ಅಜೈಲ್ ಮತ್ತು ಡೆವ್‌ಆಪ್ಸ್: ಒಂದು ಅಪ್ಲಿಕೇಶನ್ ಹಿಡಿದು ಶುರು ಮಾಡುವ ದಾರಿ

ಬ್ಯಾಂಕಿನಂಥ ದೊಡ್ಡ ಸಂಸ್ಥೆಗಳ ಲೆಕ್ಕ ನಡೆಸುವ ದೊಡ್ಡ ಕಂಪ್ಯೂಟರ್, ಅಂದರೆ ಮೇನ್‌ಫ್ರೇಮ್. ಅದರ ಒಂದು ಕೋಬಾಲ್ (ಹಳೆಯ ಪ್ರೋಗ್ರಾಮಿಂಗ್ ಭಾಷೆ) ಪ್ರೋಗ್ರಾಮ್‌ನಲ್ಲಿ ಒಂದೇ ಒಂದು ಸಾಲು ಬದಲಾಗಬೇಕು. ಬಡ್ಡಿ ಲೆಕ್ಕದಲ್ಲಿ ದಶಮಾಂಶ ಸರಿಮಾಡುವ ಜಾಗ ಅಷ್ಟೇ. ಎಡಿಟ್ ಮಾಡೋಕೆ ಹತ್ತು ನಿಮಿಷ, ಕಂಪೈಲ್ ಆಗೋಕೆ ಕೆಲವು ಸೆಕೆಂಡ್. ಆದರೆ ಅದು ಪ್ರೊಡಕ್ಷನ್ (ಗ್ರಾಹಕರು ನಿಜವಾಗಿ ಬಳಸುವ ವ್ಯವಸ್ಥೆ) ಮುಟ್ಟುವ ಹೊತ್ತಿಗೆ ಆರು ವಾರ ಕಳೆದಿರುತ್ತದೆ. ಈ ಕೆಲಸದಲ್ಲಿ ಇರುವವರಿಗೆ ಇದು ಹೊಸ ಕಥೆಯಲ್ಲ, ಅಲ್ವಾ?

"ಮೇನ್‌ಫ್ರೇಮ್ ಅಂದ್ರೆ ಹಾಗೇನೇ" ಅಂತ ಹೇಳಿ ಸುಮ್ಮನಾಗುವವರು ಜಾಸ್ತಿ. ನಾನು ಒಪ್ಪುವುದಿಲ್ಲ. 1964ರಲ್ಲಿ ಐಬಿಎಂ ಸಿಸ್ಟಮ್/360 ಘೋಷಿಸಿದಾಗಿನಿಂದ ಈ ಯಂತ್ರಗಳ ಹೆಸರು ಉಳಿದಿರುವುದೇ ವೇಗ ಮತ್ತು ನಂಬಿಕೆಯ ಮೇಲೆ. ಆ ಆರು ವಾರದಲ್ಲಿ ಬಹುಪಾಲು ದಿನ ಯಾರೂ ಕೆಲಸ ಮಾಡಿರುವುದಿಲ್ಲ. ಬದಲಾವಣೆ ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಹೋಗಿ ಕಾಯುತ್ತಾ ಕೂತಿರುತ್ತದೆ. ಆ ಕಾಯುವಿಕೆಯನ್ನು ಕಡಿಮೆ ಮಾಡುವುದು, ಮಾಡಿದ್ದನ್ನು ಧೈರ್ಯವಾಗಿ ಹಿಂದಕ್ಕೆ ತೆಗೆಯುವ ದಾರಿ ಇಟ್ಟುಕೊಳ್ಳುವುದು: ಅಜೈಲ್ (ಕೆಲಸವನ್ನು ಸಣ್ಣ ತುಂಡುಗಳಾಗಿ ಬೇಗ ಬೇಗ ಮುಗಿಸುವುದು) ಮತ್ತು ಡೆವ್‌ಆಪ್ಸ್ (ಬರೆಯುವವರು, ನಡೆಸುವವರು ಒಟ್ಟಾಗಿ ಬಿಡುಗಡೆಯನ್ನು ತಾನಾಗಿ ನಡೆಯುವಂತೆ ಮಾಡುವುದು) ಇರುವುದು ಈ ಎರಡಕ್ಕಾಗಿಯೇ, ಮುಂದಿನ ಹಂತಗಳೂ ಅದಕ್ಕೇ.

ಹಂತ 1: ಒಂದು ಬದಲಾವಣೆಯ ಬೆನ್ನು ಹತ್ತಿ

ಯಾವ ಟೂಲ್ ಕೊಳ್ಳಬೇಕು ಅನ್ನುವ ಚರ್ಚೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಇತ್ತೀಚೆಗೆ ಪ್ರೊಡಕ್ಷನ್‌ಗೆ ಹೋದ ಒಂದು ಸಣ್ಣ ಬದಲಾವಣೆ ಆರಿಸಿಕೊಳ್ಳಿ. ಕೋರಿಕೆ ಬಂದ ದಿನದಿಂದ ಲೈವ್ ಆದ ದಿನದವರೆಗೆ ಏನೇನಾಯಿತು ಅಂತ ತಾರೀಖು ಸಮೇತ ಒಂದು ಹಾಳೆಯಲ್ಲಿ ಬರೆಯಿರಿ. ಕೆಲಸ ನಡೆದ ಹೊತ್ತು ಒಂದು ಬಣ್ಣದಲ್ಲಿ, ಕಾದ ಹೊತ್ತು ಇನ್ನೊಂದು ಬಣ್ಣದಲ್ಲಿ.

ನಾನಿದ್ದ ಒಂದು ತಂಡದಲ್ಲಿ ಹೀಗೆ ಬರೆದಾಗ ಒಂದು ವಿಷಯ ಕಣ್ಣಿಗೆ ರಾಚಿತು. ಟೆಸ್ಟ್ ರೀಜನ್ (ಪರೀಕ್ಷೆಗೆ ಮೀಸಲಾದ ಮೇನ್‌ಫ್ರೇಮ್ ಜಾಗ) ಖಾಲಿಯಾಗಲಿ ಅಂತ ಕಾದದ್ದೇ ಎಲ್ಲಕ್ಕಿಂತ ಉದ್ದದ ಪಟ್ಟಿ. ನಾವು ಅಲ್ಲಿಯವರೆಗೆ ಹೊಸ ಎಡಿಟರ್ ಬಗ್ಗೆ ಮಾತಾಡುತ್ತಿದ್ದೆವು! ನಿಮ್ಮಲ್ಲಿ ಅದು ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವವರು) ಒಪ್ಪಿಗೆ ಇರಬಹುದು, ಬದಲಾವಣೆ ಸಮಿತಿಯ ವಾರದ ಸಭೆ ಇರಬಹುದು. ಏನೇ ಇರಲಿ, ಮೊದಲು ಬಿಡಿಸಬೇಕಾದ ಗಂಟು ಅದೇ.

ಜೊತೆಗೆ ನಾಲ್ಕು ಅಳತೆಗಳನ್ನು ಬರೆದಿಟ್ಟುಕೊಳ್ಳಿ. ಎಷ್ಟು ದಿನಕ್ಕೊಮ್ಮೆ ಡಿಪ್ಲಾಯ್ ಆಗುತ್ತದೆ (ಬದಲಾವಣೆ ಪ್ರೊಡಕ್ಷನ್‌ಗೆ ಹೋಗುತ್ತದೆ), ಬದಲಾವಣೆ ಲೈವ್ ಆಗಲು ಎಷ್ಟು ಕಾಲ ಬೇಕು, ನೂರರಲ್ಲಿ ಎಷ್ಟು ಬದಲಾವಣೆ ಎಡವಟ್ಟಾಗುತ್ತದೆ, ಎಡವಟ್ಟಾದರೆ ಸರಿಪಡಿಸಲು ಎಷ್ಟು ಹೊತ್ತು. ಇವತ್ತಿನ ಅಂಕಿ ಇಲ್ಲದಿದ್ದರೆ ಆರು ತಿಂಗಳ ನಂತರ ಸುಧಾರಿಸಿದ್ದೇವೆ ಅಂತ ಯಾರನ್ನೂ ಒಪ್ಪಿಸಲಾಗುವುದಿಲ್ಲ.

ಹಂತ 2: ಅಪ್ಲಿಕೇಶನ್ ಆರಿಸಿ, ತಂಡ ಕಟ್ಟಿ

ಮೊದಲ ಪ್ರಯೋಗಕ್ಕೆ ಇಡೀ ಸಂಸ್ಥೆಯ ಲೆಡ್ಜರ್‌ಗೆ ಕೈ ಹಾಕಬೇಡಿ. ಹಾಗಂತ ವರ್ಷಕ್ಕೊಮ್ಮೆ ಮುಟ್ಟುವ ಸತ್ತ ಅಪ್ಲಿಕೇಶನ್ ಕೂಡ ಬೇಡ, ಅದರಿಂದ ಕಲಿಯಲು ಏನೂ ಸಿಗುವುದಿಲ್ಲ. ತಿಂಗಳಿಗೆ ಎರಡು ಮೂರು ಸಲ ಬದಲಾಗುವ, ಐವತ್ತರಿಂದ ನೂರು ಪ್ರೋಗ್ರಾಮ್ ಇರುವ, ಒಳಹೊರಗು ಗೊತ್ತಿರುವ ಒಬ್ಬರಾದರೂ ಇನ್ನೂ ಕೆಲಸದಲ್ಲಿರುವ ಅಪ್ಲಿಕೇಶನ್ ಹುಡುಕಿ. ಆ ಕೊನೆಯ ಮಾತು ಎಲ್ಲಕ್ಕಿಂತ ಮುಖ್ಯ.

ತಂಡದಲ್ಲಿ ಡೆವಲಪರ್‌ಗಳ ಜೊತೆ ಡಿಬಿಎ, ಜಾಬ್ ಶೆಡ್ಯೂಲಿಂಗ್ ನೋಡುವವರು, ಸೆಕ್ಯೂರಿಟಿಯವರು ಮೊದಲ ದಿನದಿಂದಲೇ ಇರಲಿ. ಪೂರ್ತಿ ಸಮಯ ಬೇಕಿಲ್ಲ. ಆದರೆ ಟಿಕೆಟ್ ಹಾಕಿ ಮೂರು ದಿನ ಕಾಯುವ ಬದಲು ನೇರವಾಗಿ ಮಾತಾಡುವಂತಿರಬೇಕು.

ಎರಡು ವಾರದ ಸ್ಪ್ರಿಂಟ್ (ಒಂದು ತುಂಡು ಕೆಲಸ ಮುಗಿಸುವ ಅವಧಿ) ಸಾಕು. ಮೇನ್‌ಫ್ರೇಮ್ ಕೆಲಸವನ್ನು ಸಣ್ಣದಾಗಿ ಒಡೆಯಲು ಬರುವುದಿಲ್ಲ ಅನ್ನುವ ಮಾತು ಪದೇ ಪದೇ ಕೇಳುತ್ತೇನೆ. ಬರುತ್ತದೆ. ಉದಾಹರಣೆಗೆ ಗ್ರಾಹಕರ ದಾಖಲೆಗೆ ಹೊಸ ಫೀಲ್ಡ್ ಸೇರಿಸಬೇಕು ಅಂದುಕೊಳ್ಳಿ. ಮೊದಲ ಸ್ಪ್ರಿಂಟ್‌ನಲ್ಲಿ ಕಾಪಿಬುಕ್‌ನ (ಹಲವು ಪ್ರೋಗ್ರಾಮ್‌ಗಳು ಹಂಚಿಕೊಳ್ಳುವ ದಾಖಲೆಯ ವಿನ್ಯಾಸ) ಕೊನೆಯ ಫಿಲ್ಲರ್ (ಖಾಲಿ ಬಿಟ್ಟ) ಜಾಗದಲ್ಲಿ ಹೊಸ ಫೀಲ್ಡ್‌ಗೆ ಎಡೆ ಮಾಡಿ. ದಾಖಲೆಯ ಉದ್ದ ಬದಲಾಗುವುದಿಲ್ಲ, ಯಾರಿಗೂ ತೊಂದರೆ ಇಲ್ಲ. ಮುಂದಿನದರಲ್ಲಿ ಬರೆಯುವ ಪ್ರೋಗ್ರಾಮ್, ಆಮೇಲೆ ಓದುವ ಬ್ಯಾಚ್ (ದಾಖಲೆಗಳನ್ನು ಒಟ್ಟಾಗಿ ಸಂಸ್ಕರಿಸುವ ಕೆಲಸ), ಕೊನೆಗೆ ಪರದೆ. ಪ್ರತಿ ತುಂಡೂ ತನ್ನಷ್ಟಕ್ಕೆ ಪ್ರೊಡಕ್ಷನ್‌ಗೆ ಹೋಗಬಹುದು. ವರ್ಷಾಂತ್ಯದಲ್ಲಿ ಬದಲಾವಣೆಗೆ ತಡೆ ಇದ್ದರೆ ಆ ವಾರಗಳನ್ನು ಟೆಸ್ಟ್ ಬರೆಯಲು ಇಟ್ಟುಕೊಳ್ಳಿ.

ಹಂತ 3: ಸೋರ್ಸ್ ಅನ್ನು ಗಿಟ್‌ಗೆ ತನ್ನಿ

ಗಿಟ್ ಅಂದರೆ ಸೋರ್ಸ್‌ನ (ಬರೆದ ಕೋಡ್) ಪ್ರತಿ ಬದಲಾವಣೆಯ ಇತಿಹಾಸ ಇಡುವ ತಂತ್ರಾಂಶ. ಬಹಳ ತಂಡಗಳು ಎಡವುವುದು ಇಲ್ಲೇ. ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲ ಪ್ರಶ್ನೆ: ನಿಮ್ಮ ಹತ್ತಿರ ಇರುವ ಸೋರ್ಸ್‌ನಿಂದಲೇ ಪ್ರೊಡಕ್ಷನ್‌ನ ಲೋಡ್ ಮಾಡ್ಯೂಲ್ (ಕಂಪೈಲ್ ಆಗಿ ಓಡಲು ಸಿದ್ಧವಾದ ಪ್ರೋಗ್ರಾಮ್) ಹುಟ್ಟಿದ್ದಾ? ಮೂವತ್ತು ವರ್ಷದಲ್ಲಿ ಯಾರೋ ರಾತ್ರಿ ಎರಡು ಗಂಟೆಗೆ ತುರ್ತು ತಿದ್ದುಪಡಿ ಮಾಡಿ ಸೋರ್ಸ್ ವಾಪಸ್ ಇಡಲು ಮರೆತಿರಬಹುದು. ಲೋಡ್ ಮಾಡ್ಯೂಲ್‌ನಲ್ಲಿ ಕಂಪೈಲ್ ಆದ ದಿನಾಂಕ ಇರುತ್ತದೆ. ಅದನ್ನು ಸೋರ್ಸ್ ಕೊನೆಯದಾಗಿ ಬದಲಾದ ದಿನಾಂಕದ ಜೊತೆ ಹೋಲಿಸಿ. ಹೊಂದದಿರುವ ಪ್ರೋಗ್ರಾಮ್‌ಗಳ ಪಟ್ಟಿ ಮಾಡಿ, ಗೊತ್ತಿರುವವರ ಜೊತೆ ಕೂತು ಒಂದೊಂದಾಗಿ ಬಗೆಹರಿಸಿ. ಬೇಸರದ ಕೆಲಸ ನಿಜ. ಬಿಟ್ಟು ಮುಂದೆ ಹೋದರೆ ಮುಂದೊಂದು ದಿನ ಕೈಕೊಡುತ್ತದೆ.

ಎರಡನೆಯದು ಎನ್‌ಕೋಡಿಂಗ್, ಅಂದರೆ ಯಾವ ಅಕ್ಷರಕ್ಕೆ ಯಾವ ಬೈಟ್ ಅನ್ನುವ ಪಟ್ಟಿ. ಮೇನ್‌ಫ್ರೇಮ್‌ನಲ್ಲಿ ಅಕ್ಷರಗಳು ಎಬ್ಸಿಡಿಕ್‌ನಲ್ಲಿ, ಗಿಟ್‌ನಲ್ಲಿ ಯುಟಿಎಫ್-8ರಲ್ಲಿ. ಎಬ್ಸಿಡಿಕ್‌ನಲ್ಲೂ ಹಲವು ಕೋಡ್ ಪೇಜ್ (ಆ ಪಟ್ಟಿಯ ಬೇರೆ ಬೇರೆ ರೂಪಗಳು) ಇವೆ. 037 ಮತ್ತು 1047 ನೋಡೋಕೆ ಅವಳಿಗಳ ಹಾಗೆ, ಆದರೆ ಚೌಕ ಆವರಣದಂಥ ಕೆಲವು ಚಿಹ್ನೆಗಳ ಜಾಗ ಬೇರೆ. ಪಿಎಲ್/ಐ ಭಾಷೆ ಬಳಸುವವರು ಮೈಯೆಲ್ಲ ಕಣ್ಣಾಗಿರಬೇಕು: 037ರಲ್ಲಿ ಹೆಕ್ಸ್ (16ರ ಮೂಲದ ಸಂಖ್ಯೆ) 5ಎಫ್ ಅಂದರೆ 'ಅಲ್ಲ' ಅನ್ನುವ ತರ್ಕದ ಚಿಹ್ನೆ, 1047ರಲ್ಲಿ ಅದೇ ಬೈಟ್ ಮೇಲ್ಮುಖದ ಕ್ಯಾರೆಟ್ ಚಿಹ್ನೆ. ಯಾವ ಕೋಡ್ ಪೇಜ್ ಅಂತ ಗಿಟ್ ಆಟ್ರಿಬ್ಯೂಟ್ಸ್ ಫೈಲ್‌ನಲ್ಲಿ ಮೊದಲೇ ಬರೆದಿಡಿ, ಪ್ರತಿಯೊಬ್ಬರ ಊಹೆಗೆ ಬಿಡಬೇಡಿ.

ಇನ್ನೊಂದು ಮೋಸ: ಹಳೆಯ ಪ್ರೋಗ್ರಾಮ್‌ಗಳಲ್ಲಿ ಕಣ್ಣಿಗೆ ಕಾಣದ ಬೈಟ್‌ಗಳನ್ನು ನೇರವಾಗಿ ಉದ್ಧರಣ ಚಿಹ್ನೆಗಳ ನಡುವೆ ಟೈಪ್ ಮಾಡಿರುತ್ತಾರೆ. ಅದು ಹೆಕ್ಸ್ 15 ಅಥವಾ 25 ಆಗಿದ್ದರೆ ಪರಿವರ್ತನೆಯ ಹೊತ್ತಿಗೆ ಹೊಸ ಸಾಲು ಅಂತ ತಿಳಿದು ಸಾಲನ್ನೇ ಎರಡಾಗಿ ಮುರಿದುಬಿಡುತ್ತದೆ. ಅಂಥವನ್ನು ಮೊದಲೇ ಹುಡುಕಿ ಹೆಕ್ಸ್ ಲಿಟರಲ್ ಆಗಿ ಬದಲಾಯಿಸಿ. ಆಮೇಲೆ ಪಿಡಿಎಸ್‌ನಿಂದ (ಮೇನ್‌ಫ್ರೇಮ್‌ನಲ್ಲಿ ಸೋರ್ಸ್ ಇಡುವ ಫೈಲ್ ಸಂಗ್ರಹ) ಗಿಟ್‌ಗೆ, ಗಿಟ್‌ನಿಂದ ಮತ್ತೆ ಹೊಸ ಪಿಡಿಎಸ್‌ಗೆ ತಂದು ಬೈಟ್ ಬೈಟ್ ಹೋಲಿಸಿ. ಒಂದು ಬೈಟ್ ವ್ಯತ್ಯಾಸ ಬಂದರೂ ಕಾರಣ ಸಿಗುವವರೆಗೆ ಮುಂದಕ್ಕೆ ಹೋಗಬೇಡಿ.

ಕೋಬಾಲ್‌ನ ಮೊದಲ ಆರು ಕಾಲಂ ಮತ್ತು 73ರಿಂದ 80ರವರೆಗಿನ ಕಾಲಂಗಳಲ್ಲಿ ಕ್ರಮಸಂಖ್ಯೆ ಇದ್ದರೆ ತೆಗೆದುಬಿಡಿ. ಇಲ್ಲದಿದ್ದರೆ ಒಂದು ಸಾಲು ಸೇರಿಸಿ ಮರುಸಂಖ್ಯೆ ಕೊಟ್ಟ ತಕ್ಷಣ ಇಡೀ ಪ್ರೋಗ್ರಾಮ್ ಬದಲಾದಂತೆ ತೋರಿಸುತ್ತದೆ, ರಿವ್ಯೂ ಮಾಡುವವರ ಕಣ್ಣು ಕೆಡುತ್ತದೆ.

ಎಂಡೆವರ್, ಐಎಸ್‌ಪಿಡಬ್ಲ್ಯೂ, ಚೇಂಜ್‌ಮ್ಯಾನ್ ಥರದ, ಮೇನ್‌ಫ್ರೇಮ್ ಸೋರ್ಸ್ ನಿರ್ವಹಿಸುವ ವ್ಯವಸ್ಥೆ ಈಗಾಗಲೇ ಇದ್ದರೆ ಗಿಟ್‌ಗೆ ಬರಲೇಬೇಕು ಅಂತೇನಿಲ್ಲ. ಅವುಗಳ ಜೊತೆಗೂ ಪೈಪ್‌ಲೈನ್, ಅಂದರೆ ಬಿಲ್ಡ್ (ಸೋರ್ಸ್‌ನಿಂದ ಪ್ರೋಗ್ರಾಮ್ ತಯಾರಿಕೆ), ಟೆಸ್ಟ್, ಡಿಪ್ಲಾಯ್ ತಾನಾಗಿ ನಡೆಸುವ ಸರಣಿ, ಕಟ್ಟಬಹುದು. ಆದರೆ ಒಂದೇ ಪ್ರೋಗ್ರಾಮ್‌ನ ಅಸಲಿ ಪ್ರತಿ ಎರಡು ಕಡೆ ಇರಬಾರದು. ಗಿಟ್‌ಗೆ ಬಂದ ದಿನವೇ ಹಳೆಯ ಜಾಗಕ್ಕೆ ಬರೆಯುವ ಅನುಮತಿ ತೆಗೆಯಿರಿ.

ಇದೇ ಹೊತ್ತಿಗೆ ಕಂಪೈಲರ್ ಹೊಸ ಆವೃತ್ತಿಗೂ ಹೋಗೋಣ ಅಂತ ಯಾರಾದರೂ ಸೂಚಿಸುತ್ತಾರೆ. ಬೇಡ ಅನ್ನಿ. ಕೋಬಾಲ್ 4ರಿಂದ 5 ಅಥವಾ 6ಕ್ಕೆ ಹೋದಾಗ ಫೀಲ್ಡ್‌ನಲ್ಲಿ ಕೆಟ್ಟ ಡೇಟಾ ಇದ್ದರೆ ಪ್ರೋಗ್ರಾಮ್ ನಡೆದುಕೊಳ್ಳುವ ರೀತಿಯೇ ಬೇರೆಯಾಗಬಹುದು. ಎರಡನ್ನೂ ಒಟ್ಟಿಗೆ ಮಾಡಿದರೆ ತಪ್ಪು ಎಲ್ಲಿಂದ ಬಂತು ಅಂತ ತಿಳಿಯದೆ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಹಂತ 4: ಎಡಿಟರ್

ಹೊಸದಾಗಿ ಸೇರುವವರಿಗೆ ವಿಎಸ್ ಕೋಡ್ ಪರಿಚಿತ. ಅದಕ್ಕೆ ಐಬಿಎಂನ ಝಡ್ ಓಪನ್ ಎಡಿಟರ್, ಬ್ರಾಡ್‌ಕಾಮ್‌ನ ಕೋಡ್4ಝಡ್ ಇವೆ. 2018ರಲ್ಲಿ ಓಪನ್ ಮೇನ್‌ಫ್ರೇಮ್ ಪ್ರಾಜೆಕ್ಟ್ ಅಡಿಯಲ್ಲಿ ಶುರುವಾದ ಝೋವಿ ಅನ್ನುವ ಟೂಲ್‌ನಿಂದ ಡೇಟಾಸೆಟ್ (ಮೇನ್‌ಫ್ರೇಮ್ ಫೈಲ್), ಜಾಬ್, ಸ್ಪೂಲ್ (ಜಾಬ್‌ನ ಔಟ್‌ಪುಟ್) ಎಲ್ಲವನ್ನೂ ಲ್ಯಾಪ್‌ಟಾಪ್‌ನಿಂದಲೇ ನೋಡಬಹುದು. ಮೇನ್‌ಫ್ರೇಮ್‌ನ ಹಳೆಯ ಹಸಿರು ಪರದೆಯಲ್ಲೇ ಬೆರಳು ಓಡುವ ಹಿರಿಯರನ್ನು ಮಾತ್ರ ಒತ್ತಾಯಿಸಬೇಡಿ. ಅವರ ಜಗಳ ಕಟ್ಟಿಕೊಂಡು ಗೆಲ್ಲುವಂಥದ್ದು ಇಲ್ಲಿ ಏನೂ ಇಲ್ಲ.

ಹಂತ 5: ಬಿಲ್ಡ್ ಅನ್ನು ಸ್ಕ್ರಿಪ್ಟ್‌ಗೆ ಇಳಿಸಿ

ಬಹಳ ಕಡೆ ಪ್ರತಿ ಡೆವಲಪರ್ ಹತ್ತಿರ ಅವರದೇ ಕಂಪೈಲ್ ಜೆಸಿಎಲ್ (ಜಾಬ್ ಓಡಿಸಲು ಬರೆಯುವ ಆದೇಶಗಳು) ಇರುತ್ತದೆ. ಯಾರೋ ಹತ್ತು ವರ್ಷದ ಹಿಂದೆ ಕೊಟ್ಟದ್ದು, ಆಪ್ಷನ್‌ಗಳು ಒಬ್ಬೊಬ್ಬರದು ಒಂದೊಂದು. ಎಲ್ಲವನ್ನೂ ಒಂದು ಸ್ಕ್ರಿಪ್ಟ್‌ಗೆ ತನ್ನಿ. ಡೆವಲಪರ್ ಓಡಿಸಿದರೂ ಪೈಪ್‌ಲೈನ್ ಓಡಿಸಿದರೂ ಅದೇ ಸ್ಕ್ರಿಪ್ಟ್.

ಮೇನ್‌ಫ್ರೇಮ್ ಬಿಲ್ಡ್‌ನಲ್ಲಿ ಕಷ್ಟದ ಭಾಗ ಕಾಪಿಬುಕ್. ಒಂದು ಕಾಪಿಬುಕ್ ಬದಲಾದರೆ ಅದನ್ನು ಬಳಸುವ ಎಷ್ಟು ಪ್ರೋಗ್ರಾಮ್ ಮತ್ತೆ ಕಂಪೈಲ್ ಆಗಬೇಕು? ಸ್ಟ್ಯಾಟಿಕ್ ಕಾಲ್‌ನಲ್ಲಿ (ಮಾಡ್ಯೂಲ್ ಒಳಗೇ) ಸೇರಿರುವ ಸಬ್‌ರೂಟೀನ್ ಬದಲಾದರೆ ಯಾವ ಯಾವ ಮಾಡ್ಯೂಲ್ ಮತ್ತೆ ಲಿಂಕ್ ಆಗಬೇಕು? ಇದನ್ನು ನೆನಪಿನ ಮೇಲೆ ನಡೆಸಿದರೆ ಒಂದಲ್ಲ ಒಂದು ದಿನ ಬಿಟ್ಟುಹೋಗುತ್ತದೆ. ಐಬಿಎಂನ ಡಿಪೆಂಡೆನ್ಸಿ ಬೇಸ್ಡ್ ಬಿಲ್ಡ್ ಸೋರ್ಸ್ ಓದಿ ಈ ಸಂಬಂಧಗಳನ್ನು ತಾನೇ ಪತ್ತೆ ಮಾಡಿ, ಬೇಕಾದಷ್ಟನ್ನೇ ಬಿಲ್ಡ್ ಮಾಡುತ್ತದೆ. ಎಂಡೆವರ್ ಥರದವುಗಳಲ್ಲೂ ಇದಕ್ಕೆ ವ್ಯವಸ್ಥೆ ಇದೆ.

ಎರಡು ನಿಯಮ ಇಟ್ಟುಕೊಳ್ಳಿ. ರಿಟರ್ನ್ ಕೋಡ್ (ಮುಗಿದಾಗ ಫಲಿತಾಂಶ ಹೇಳುವ ಸಂಖ್ಯೆ) 4 ಬಂದರೆ "ಪರವಾಗಿಲ್ಲ, ವಾರ್ನಿಂಗ್ ಅಷ್ಟೇ" ಅಂತ ಬಿಡುವ ಅಭ್ಯಾಸ ನಿಲ್ಲಲಿ. ಯಾವ ವಾರ್ನಿಂಗ್ ಒಪ್ಪಿಗೆ ಅಂತ ಪಟ್ಟಿ ಇರಲಿ, ಉಳಿದವು ಬಿಲ್ಡ್ ನಿಲ್ಲಿಸಲಿ. ಇನ್ನೊಂದು, ಒಮ್ಮೆ ಮಾತ್ರ ಬಿಲ್ಡ್ ಮಾಡಿ. ಟೆಸ್ಟ್‌ನಲ್ಲಿ ಪಾಸಾದ ಅದೇ ಲೋಡ್ ಮಾಡ್ಯೂಲ್ ಪ್ರೊಡಕ್ಷನ್‌ಗೆ ಹೋಗಬೇಕು. ಪ್ರತಿ ಹಂತಕ್ಕೂ ಮತ್ತೆ ಕಂಪೈಲ್ ಮಾಡಿದರೆ ನೀವು ಪರೀಕ್ಷಿಸಿದ್ದು ಒಂದು, ಕಳಿಸಿದ್ದು ಇನ್ನೊಂದು.

ಹಂತ 6: ಟೆಸ್ಟ್

ಹಳೆಯ ಪ್ರೋಗ್ರಾಮ್ ಏನು ಮಾಡಬೇಕು ಅಂತ ಹೇಳುವ ದಾಖಲೆ ಇರುವುದಿಲ್ಲ. ಆದ್ದರಿಂದ ಅದು ಈಗ ಏನು ಮಾಡುತ್ತಿದೆ ಅನ್ನುವುದನ್ನೇ ಹಿಡಿದಿಡಿ. ಬ್ಯಾಚ್‌ಗೆ ಇದು ಸುಲಭ. ಒಂದು ಇನ್‌ಪುಟ್ ಫೈಲ್ ಕೊಟ್ಟು ಹಳೆಯ ಮಾಡ್ಯೂಲ್ ಓಡಿಸಿ, ಔಟ್‌ಪುಟ್ ತೆಗೆದಿಡಿ. ಅದೇ ಇನ್‌ಪುಟ್‌ಗೆ ಹೊಸ ಮಾಡ್ಯೂಲ್ ಓಡಿಸಿ, ಎರಡನ್ನೂ ಹೋಲಿಸಿ. ಓಡಿದ ದಿನಾಂಕ, ಸಮಯ ಇರುವ ಜಾಗಗಳನ್ನು ಹೋಲಿಕೆಯಿಂದ ಹೊರಗಿಡಿ. ಉಳಿದಲ್ಲಿ ನೀವು ಬಯಸಿದ ವ್ಯತ್ಯಾಸ ಬಿಟ್ಟು ಬೇರೇನೂ ಕಾಣಬಾರದು. ಇಷ್ಟು ಮಾಡಿದರೇ ಧೈರ್ಯ ಎಷ್ಟೋ ಪಾಲು ಹೆಚ್ಚುತ್ತದೆ.

ಆ ಇನ್‌ಪುಟ್ ಫೈಲ್‌ನಲ್ಲಿ ಏನಿರಬೇಕು? ಇಲ್ಲಿ ಹಿರಿಯರ ಅನುಭವ ಬೇಕು. "ಈ ಪ್ರೋಗ್ರಾಮ್ ಯಾವತ್ತು ನಿಮ್ಮನ್ನು ರಾತ್ರಿ ಎಬ್ಬಿಸಿತ್ತು?" ಅಂತ ಕೇಳಿ. ಒಂದು ಉದಾಹರಣೆ ನೋಡಿ. ಐದು ಅಂಕಿಯ ಕಾಂಪ್-3 (ಒಂದು ಬೈಟ್‌ನಲ್ಲಿ ಎರಡು ಅಂಕಿ ಕೂರಿಸುವ ರೀತಿ) ಫೀಲ್ಡ್ ಮೂರು ಬೈಟ್ ತೆಗೆದುಕೊಳ್ಳುತ್ತದೆ. 12345 ಅನ್ನುವ ಧನ ಸಂಖ್ಯೆ ಅಲ್ಲಿ 12 34 5ಸಿ ಆಗಿ ಕೂರುತ್ತದೆ, ಕೊನೆಯ ಅರ್ಧ ಬೈಟ್ ಚಿಹ್ನೆಗೆ. ಈಗ ಬೇರೆ ಕಡೆಯಿಂದ ಬಂದ ಫೈಲ್‌ನಲ್ಲಿ ಆ ಜಾಗ ಖಾಲಿ ಬಿಟ್ಟಿದ್ದಾರೆ ಅಂದುಕೊಳ್ಳಿ. ಎಬ್ಸಿಡಿಕ್‌ನಲ್ಲಿ ಖಾಲಿ ಜಾಗ ಅಂದರೆ ಹೆಕ್ಸ್ 40. ಫೀಲ್ಡ್‌ನಲ್ಲಿ 40 40 40 ಕೂತಿತು. ಕೊನೆಯ ಅರ್ಧ ಬೈಟ್ 0, ಅದು ಚಿಹ್ನೆಯಾಗಿ ನಡೆಯುವುದಿಲ್ಲ. ಕೂಡಿಸಲು ಹೋದ ಕ್ಷಣ ಎಸ್‌0ಸಿ7 ಅಬೆಂಡ್ (ಕೆಟ್ಟ ಡೇಟಾದಿಂದ ಪ್ರೋಗ್ರಾಮ್ ಅರ್ಧಕ್ಕೆ ನಿಲ್ಲುವುದು), ಬ್ಯಾಚ್ ನಿಂತಿತು. ಇಂಥ ಒಂದು ದಾಖಲೆಯನ್ನು ಟೆಸ್ಟ್ ಫೈಲ್‌ಗೆ ಹಾಕಿ. ಪ್ರೋಗ್ರಾಮ್ ಅದನ್ನು ಬದಿಗಿಟ್ಟು ಮುಂದೆ ಹೋಗಬೇಕಾ, ನಿಲ್ಲಬೇಕಾ ಅಂತ ತೀರ್ಮಾನಿಸಿ, ಅದನ್ನೇ ಟೆಸ್ಟ್ ನೋಡಲಿ. ಹೀಗೆ ಹಿರಿಯರ ತಲೆಯಲ್ಲಿದ್ದದ್ದು ಒಂದೊಂದಾಗಿ ರೆಪಾಸಿಟರಿಗೆ ಇಳಿಯುತ್ತದೆ. ಅವರು ನಿವೃತ್ತರಾದ ಮೇಲೂ ಅದು ಪ್ರತಿ ಬಿಲ್ಡ್‌ನಲ್ಲಿ ಓಡುತ್ತಿರುತ್ತದೆ.

ಪ್ಯಾರಾಗ್ರಾಫ್ ಮಟ್ಟದ ಯೂನಿಟ್ ಟೆಸ್ಟ್‌ಗೆ ಓಪನ್ ಮೇನ್‌ಫ್ರೇಮ್ ಪ್ರಾಜೆಕ್ಟ್‌ನ ಕೋಬಾಲ್ ಚೆಕ್ ಇದೆ, ಐಬಿಎಂ ಮತ್ತು ಬಿಎಂಸಿಯ ಟೂಲ್‌ಗಳೂ ಇವೆ. ಎಲ್ಲ ಪ್ರೋಗ್ರಾಮ್‌ಗೂ ಬರೆಯಲು ಹೊರಡಬೇಡಿ. ಮುಟ್ಟಿದ ಪ್ರೋಗ್ರಾಮ್‌ಗೆ, ಮುಟ್ಟಿದ ಜಾಗದ ಸುತ್ತ ಬರೆಯಿರಿ. ಪ್ರೊಡಕ್ಷನ್ ಡೇಟಾ ತಂದರೆ ಹೆಸರು, ಖಾತೆ ಸಂಖ್ಯೆ ಮರೆಮಾಡಿಯೇ ತನ್ನಿ. ಟೆಸ್ಟ್ ರೀಜನ್‌ಗೆ ಕ್ಯೂ ಇದ್ದರೆ ಎಕ್ಸ್86 ಲಿನಕ್ಸ್ ಮೇಲೆ ಝಡ್/ಓಎಸ್ (ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಮ್) ಓಡಿಸುವ ಐಬಿಎಂನ ಡೆವಲಪ್‌ಮೆಂಟ್ ಅಂಡ್ ಟೆಸ್ಟ್ ಎನ್ವಿರಾನ್ಮೆಂಟ್ ನೋಡಬಹುದು. ವೇಗದ ಅಳತೆಗೆ ಮಾತ್ರ ಅದನ್ನು ನಂಬಬೇಡಿ.

ಹಂತ 7: ಪೈಪ್‌ಲೈನ್ ಜೋಡಿಸಿ

ಹಿಂದಿನವು ಸರಿಯಾಗಿದ್ದರೆ ಇದು ಸಲೀಸು. ಪೈಪ್‌ಲೈನ್ ನಡೆಸಲು ಜೆಂಕಿನ್ಸ್ ಅಥವಾ ಗಿಟ್‌ಲ್ಯಾಬ್, ಸಂಸ್ಥೆಯಲ್ಲಿ ಬೇರೆಯವರು ಬಳಸುವುದನ್ನೇ ತೆಗೆದುಕೊಳ್ಳಿ. ಬ್ರಾಂಚ್ (ಗಿಟ್‌ನಲ್ಲಿ ಕೋಡ್‌ನ ಪ್ರತ್ಯೇಕ ಕವಲು) ಮೇಲೆ ಬದಲಾವಣೆ ಬಂದಾಗ ಬಿಲ್ಡ್, ಟೆಸ್ಟ್; ಮುಖ್ಯ ಬ್ರಾಂಚ್‌ಗೆ ಮರ್ಜ್ ಆದಾಗ ಪ್ಯಾಕೇಜ್ ಕಟ್ಟಿ ಆರ್ಟಿಫ್ಯಾಕ್ಟ್ ರೆಪಾಸಿಟರಿಯಲ್ಲಿ (ಕಟ್ಟಿದ ಪ್ಯಾಕೇಜ್‌ಗಳ ಉಗ್ರಾಣ) ಇಡುವುದು. ಝೋವಿ ಕಮಾಂಡ್ ಲೈನ್‌ನಿಂದ ಜಾಬ್ ಸಬ್ಮಿಟ್ ಮಾಡಿ ಮುಗಿಯುವವರೆಗೆ ಕಾದು ರಿಟರ್ನ್ ಕೋಡ್ ನೋಡಬಹುದು. ಸಿಸ್ಟಮ್ ಕೆಲಸಗಳಿಗೆ ಆನ್ಸಿಬಲ್‌ನಲ್ಲೂ ಝಡ್/ಓಎಸ್ ಕಲೆಕ್ಷನ್ ಇದೆ.

ಪೈಪ್‌ಲೈನ್‌ಗೆ ಅದರದೇ ರಾಕ್‌ಎಫ್ (ಮೇನ್‌ಫ್ರೇಮ್‌ನ ಭದ್ರತಾ ತಂತ್ರಾಂಶ) ಐಡಿ ಕೊಡಿಸಿ, ಬೇಕಾದಷ್ಟೇ ಅನುಮತಿ ಇರಲಿ. ಯಾರದೋ ಸ್ವಂತ ಐಡಿ ಮತ್ತು ಪಾಸ್‌ವರ್ಡ್ ಸ್ಕ್ರಿಪ್ಟ್ ಒಳಗೆ ಕೂರಿಸುವುದು ಬೇಡವೇ ಬೇಡ.

ಹಂತ 8: ಡಿಪ್ಲಾಯ್, ಅದಕ್ಕಿಂತ ಮೊದಲು ರೋಲ್‌ಬ್ಯಾಕ್

ಮುಂದೆ ಹೋಗುವ ದಾರಿಗಿಂತ ಹಿಂದೆ ಬರುವ ದಾರಿಯನ್ನು ಮೊದಲು ಕಟ್ಟಿ, ಮೊದಲು ಪರೀಕ್ಷಿಸಿ. 2012ರ ಜೂನ್‌ನಲ್ಲಿ ಬ್ರಿಟನ್ನಿನ ಆರ್‌ಬಿಎಸ್ ಬ್ಯಾಂಕ್ ಸಮೂಹದಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಬ್ಯಾಚ್ ಶೆಡ್ಯೂಲರ್ ತಂತ್ರಾಂಶದ ಹೊಸ ಆವೃತ್ತಿ ಹಾಕಿದರು, ತೊಂದರೆ ಕಂಡಿತು, ಹಳೆಯದಕ್ಕೆ ವಾಪಸ್ ಹೋದರು. ವಾಪಸ್ ಹೋದರೆ ಏನಾಗುತ್ತದೆ ಅಂತ ಪರೀಕ್ಷಿಸಿರಲಿಲ್ಲ. ಎರಡು ಆವೃತ್ತಿಗಳು ಒಂದಕ್ಕೊಂದು ಹೊಂದಲಿಲ್ಲ, ಬ್ಯಾಚ್ ಸಾಲು ಕುಸಿಯಿತು. ಬ್ರಿಟನ್ ಒಂದರಲ್ಲೇ 65 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ತೊಂದರೆಯಾಯಿತು.

ಬ್ಯಾಚ್ ಪ್ರೋಗ್ರಾಮ್‌ಗಳಿಗೆ ಸರಳ ದಾರಿ ಇದೆ. ಸ್ಟೆಪ್‌ಲಿಬ್‌ನಲ್ಲಿ (ಪ್ರೋಗ್ರಾಮ್ ಹುಡುಕಬೇಕಾದ ಲೈಬ್ರರಿಗಳ ಪಟ್ಟಿ) ಮೇಲಿನ ಲೈಬ್ರರಿಯನ್ನೇ ಮೊದಲು ಹುಡುಕುವುದು. ಹೊಸ ಮಾಡ್ಯೂಲ್ ಮೇಲಿನ ಲೈಬ್ರರಿಗೆ ಹೋಗಲಿ, ಹಳೆಯದು ಕೆಳಗಿನದರಲ್ಲಿ ಹಾಗೇ ಇರಲಿ. ತೊಂದರೆ ಬಂದರೆ ಮೇಲಿನದನ್ನು ತೆಗೆದರೆ ಸಾಕು. ಸಿಐಸಿಎಸ್‌ನಲ್ಲಿ (ಆನ್‌ಲೈನ್ ವ್ಯವಹಾರ ನಡೆಸುವ ತಂತ್ರಾಂಶ) ಹೊಸ ಪ್ರತಿ ತರುವ ನ್ಯೂಕಾಪಿ ಆದೇಶ ಕೊಟ್ಟಾಗ ಆ ಪ್ರೋಗ್ರಾಮ್ ಯಾರಾದರೂ ಬಳಸುತ್ತಿದ್ದರೆ ಆಗುವುದಿಲ್ಲ. ಫೇಸ್‌ಇನ್ ಕೊಟ್ಟರೆ ನಡೆಯುತ್ತಿರುವ ಕೆಲಸ ಹಳೆಯ ಪ್ರತಿಯಲ್ಲೇ ಮುಗಿಯುತ್ತದೆ, ಹೊಸದಾಗಿ ಬಂದವರಿಗೆ ಹೊಸ ಪ್ರತಿ ಸಿಗುತ್ತದೆ. ಹಗಲು ಹೊತ್ತಲ್ಲೇ ಡಿಪ್ಲಾಯ್ ಮಾಡಲು ಇದರಿಂದ ಅನುಕೂಲ.

ಡಿಬಿ2 ಡೇಟಾಬೇಸ್ ಇದ್ದರೆ ಇನ್ನೊಂದು ಗಂಟು. ಲೋಡ್ ಮಾಡ್ಯೂಲ್‌ನಲ್ಲೂ ಡಿಬಿ2 ಪ್ಯಾಕೇಜ್‌ನಲ್ಲೂ (ಪ್ರೋಗ್ರಾಮ್‌ನ ಎಸ್‌ಕ್ಯೂಎಲ್‌ನಿಂದ ಡಿಬಿ2 ಸಿದ್ಧಮಾಡಿಕೊಂಡ ರೂಪ) ಒಂದೇ ಗುರುತು ಇರಬೇಕು, ಇಲ್ಲದಿದ್ದರೆ -805 ಅಥವಾ -818 ದೋಷ ಬರುತ್ತದೆ. ಮಾಡ್ಯೂಲ್ ಮಾತ್ರ ಹಿಂದಕ್ಕೆ ತಂದು ಪ್ಯಾಕೇಜ್ ಮರೆತಾಗ ಆಗುವುದು ಇದೇ. ಪ್ರೀಕಂಪೈಲ್ ಹೊತ್ತಿಗೆ ವರ್ಷನ್ ಆಪ್ಷನ್ ಅನ್ನು ಆಟೋ ಅಂತ ಕೊಟ್ಟರೆ ಹಳೆಯ, ಹೊಸ ಪ್ಯಾಕೇಜ್‌ಗಳು ಎರಡೂ ಪಕ್ಕಪಕ್ಕದಲ್ಲಿ ಉಳಿಯುತ್ತವೆ. ಆಗ ಮಾಡ್ಯೂಲ್ ಹಿಂದಕ್ಕೆ ತಂದರೆ ಮತ್ತೆ ಬೈಂಡ್ ಮಾಡುವ (ಪ್ಯಾಕೇಜ್ ಕಟ್ಟುವ) ಗಡಿಬಿಡಿ ಇಲ್ಲ. ಹಳೆಯವನ್ನು ಆಗಾಗ ಗುಡಿಸುವುದು ಮಾತ್ರ ಮರೆಯಬೇಡಿ.

ಪ್ರೋಗ್ರಾಮ್ ಹಿಂದಕ್ಕೆ ಬಂದರೂ ಡೇಟಾ ಹಿಂದಕ್ಕೆ ಬರುವುದಿಲ್ಲ. ಅದಕ್ಕೆ ಟೇಬಲ್ ಬದಲಾವಣೆ ಮೊದಲು ಹೋಗಲಿ, ಹೊಸ ಕಾಲಂ ಖಾಲಿ ಇದ್ದರೂ ಹಳೆಯ ಪ್ರೋಗ್ರಾಮ್ ಓಡುವಂತಿರಲಿ. ಪ್ರೋಗ್ರಾಮ್ ಆಮೇಲೆ. ಹಳೆಯ ಕಾಲಂ ತೆಗೆಯುವುದು ಎಲ್ಲಕ್ಕಿಂತ ಕೊನೆಗೆ, ವಾರಗಳ ನಂತರ.

ಹಂತ 9: ಆಡಿಟ್‌ನವರನ್ನು ಮೊದಲೇ ಕರೆಯಿರಿ

ಬರೆದವರೇ ಪ್ರೊಡಕ್ಷನ್‌ಗೆ ಕಳಿಸಬಾರದು ಅನ್ನುವ ನಿಯಮ ಬಹುತೇಕ ಕಡೆ ಇದೆ, ಇರಬೇಕಾದದ್ದೇ. ಪೈಪ್‌ಲೈನ್ ಇದನ್ನು ಕಾಗದಕ್ಕಿಂತ ಚೆನ್ನಾಗಿ ಪಾಲಿಸುತ್ತದೆ: ಬರೆದವರು ತಮ್ಮದೇ ಬದಲಾವಣೆಗೆ ಒಪ್ಪಿಗೆ ಕೊಡಲಾಗದಂತೆ ಮಾಡಿ, ಯಾರು, ಯಾವಾಗ, ಯಾವ ಟೆಸ್ಟ್ ಪಾಸಾದ ಮೇಲೆ ಒಪ್ಪಿದರು ಅನ್ನುವುದು ದಾಖಲಾಗಲಿ. ಆಡಿಟ್‌ನವರಿಗೆ ಇದನ್ನು ಪರದೆಯ ಮೇಲೆ ಓಡಿಸಿ ತೋರಿಸಿ. ಕೊನೆಯಲ್ಲಿ ಕರೆದರೆ ಬೇಡ ಅನ್ನುತ್ತಾರೆ, ಮೊದಲೇ ಕರೆದರೆ ಏನು ಬೇಕು ಅಂತ ಹೇಳುತ್ತಾರೆ. ಒಮ್ಮೆ ನಂಬಿಕೆ ಬಂದರೆ ಸಣ್ಣ, ಪರಿಚಿತ ಬದಲಾವಣೆಗಳಿಗೆ ವಾರದ ಸಭೆಯ ಅಗತ್ಯವೇ ಇಲ್ಲ ಅಂತ ಒಪ್ಪಿಸಬಹುದು. ಹಂತ 1ರ ಹಾಳೆಯಲ್ಲಿ ಒಂದು ದೊಡ್ಡ ಪಟ್ಟಿ ಅಲ್ಲಿಗೆ ಅಳಿಸಿಹೋಗುತ್ತದೆ.

ಹಂತ 10: ಲೈವ್ ಆದ ಮೇಲೆ ನೋಡುತ್ತಿರಿ

ಅಬೆಂಡ್ ಆಗಲಿಲ್ಲ ಅಂದ ಮಾತ್ರಕ್ಕೆ ಎಲ್ಲ ಸರಿ ಇದೆ ಅಂತಲ್ಲ. ಎಸ್‌ಎಂಎಫ್ (ಮೇನ್‌ಫ್ರೇಮ್ ತಾನೇ ಬರೆದಿಡುವ ಬಳಕೆಯ ಲೆಕ್ಕ) ದಾಖಲೆಗಳಲ್ಲಿ ಬೇಕಾದ ಮಾಹಿತಿ ಆಗಲೇ ಇದೆ: ಟೈಪ್ 30ರಲ್ಲಿ ಜಾಬ್‌ಗಳದು, 101ರಲ್ಲಿ ಡಿಬಿ2, 110ರಲ್ಲಿ ಸಿಐಸಿಎಸ್. ಬದಲಾವಣೆಗೆ ಮುಂಚಿನ ವಾರದ ಸಿಪಿಯು ಮತ್ತು ಓಡಿದ ಸಮಯವನ್ನು ನಂತರದ ವಾರದ ಜೊತೆ ಹೋಲಿಸಿ, ಆ ಗ್ರಾಫ್ ಇಡೀ ತಂಡಕ್ಕೆ ಕಾಣುವಂತೆ ಇಡಿ. ನಲವತ್ತು ನಿಮಿಷದ ಜಾಬ್ ಐವತ್ತು ನಿಮಿಷ ತೆಗೆದುಕೊಳ್ಳುತ್ತಿದ್ದರೆ ತಿಂಗಳ ಕೊನೆಯ ದೊಡ್ಡ ಬ್ಯಾಚ್ ಬರುವ ಮೊದಲೇ ಗೊತ್ತಾಗಬೇಕು.

ಮೂರ್ನಾಲ್ಕು ತಿಂಗಳು ಹೀಗೆ ನಡೆದ ಮೇಲೆ ಹಂತ 1ರ ಹಾಳೆಯನ್ನು ಹೊಸ ಬದಲಾವಣೆಯೊಂದಕ್ಕೆ ಮತ್ತೆ ಬರೆಯಿರಿ. ಎರಡನೆಯ ಅಪ್ಲಿಕೇಶನ್ ಆರಿಸುವಾಗ ಮೊದಲನೆಯದರ ಜೊತೆ ಕಾಪಿಬುಕ್ ಹಂಚಿಕೊಳ್ಳುವುದನ್ನೇ ತೆಗೆದುಕೊಳ್ಳಿ. ಆ ಎರಡನೆಯದು ಹಳೆಯ ಜಾಗದಲ್ಲೇ ಉಳಿದಿರುವಷ್ಟು ದಿನ ಆ ಕಾಪಿಬುಕ್‌ಗಳನ್ನು ಎರಡು ಕಡೆ ಹೊಂದಿಸುತ್ತಾ ಇರಬೇಕಾಗುತ್ತದೆ.